ಎತ್ತನ್ನು ಎತ್ತುವುದು

(ಬಾನುಲಿ ಭಾಷಣ)

ನಮ್ಮ ನುಡಿಯಲ್ಲಿ ‘ಎತ್ತು’ ಎಂಬ ಎರಡಕ್ಷರದ ಮಾತು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನೊಗ ಹೊರುವ ಪ್ರಾಣಿಯೂ ಎತ್ತು. ನೆಲಕ್ಕೆ ಬಿದ್ದುದನ್ನು ಮೇಲಕ್ಕೆ ತಾ ಎಂಬ ಅಪ್ಪಣೆಯೂ ಎತ್ತು. ವ್ಯಾಕರಣ ಕಲಿಸುವ ಮೇಷ್ಟರು ಇದನ್ನೊಂದು ತಮಾಷೆಯೆಂಬಂತೆ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನಗೆ ಮಾತ್ರ ಈ ಎರಡು ಅರ್ಥಗಳೂ ಒಟ್ಟಿಗೆ ಬಂದು ನಿಂತ ಒಂದು ದಿನ ಇನ್ನೂ ಕಣ್ಣಮುಂದಿದೆ.

ಅದು 1972ರ ಬರಗಾಲ. ನನಗೆ ಆಗ ಹತ್ತು ವರ್ಷ. ಹೊಸದುರ್ಗ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹುಲ್ಲಿನ ಬಣವೆಗಳೆಲ್ಲ ಬರಿದಾಗಿದ್ದವು. ನಮ್ಮ ಮನೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು. ನಮ್ಮ ಬಾವಿಗೆ ಇನ್ನೂ ಪಂಪು ಬಂದಿರಲಿಲ್ಲ, ಕಪಿಲೆಯೇ ಇತ್ತು. ಇಂದಿನ ಎಳೆಯರು ಕಪಿಲೆಯನ್ನು ಕಂಡಿರಲಾರರು. ಬಾವಿಯ ಬಾಯಿಯಲ್ಲಿ ಒಂದು ದೊಡ್ಡ ಮರದ ಗಾಲಿ, ಅದರ ಮೇಲೆ ಹಾಯ್ದ ದಪ್ಪನೆಯ ಮಿಣಿ, ಮಿಣಿಯ ತುದಿಯಲ್ಲಿ ಚರ್ಮದ ಚೀಲ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದಂತೆ ನೀರು ಮೇಲಕ್ಕೆ ಬರುತ್ತದೆ. ನಮ್ಮ ಕರಿಯೆತ್ತು ಹನ್ನೆರಡು ವರ್ಷ ಈ ಇಳಿಜಾರಿನಲ್ಲಿ ಇಳಿದು ಹತ್ತಿ ನಮ್ಮ ಪಾಲಿಗೆ ನೀರನ್ನು ಎತ್ತಿ ಕೊಟ್ಟಿತ್ತು. ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅದು ಏಳಲಿಲ್ಲ.

ಮೊದಲ ದಿನ ‘ಸುಸ್ತಾಗಿದೆ, ಮಲಗಲಿ’ ಎಂದರು. ಎರಡನೆಯ ದಿನ ಗಂಜಿ ಕುಡಿಸಿದರು. ಮೂರನೆಯ ದಿನ ಯಾರೋ ಬರೆ ಹಾಕಬೇಕೆಂದರು, ಅಪ್ಪ ಒಪ್ಪಲಿಲ್ಲ. ಮೂರು ದಿನವೂ ಅದು ಒಂದೇ ಮಗ್ಗುಲಲ್ಲಿ ಮಲಗಿತ್ತು. ನಾಲ್ಕನೆಯ ದಿನ ಎಂಟು ಜನ ಗಂಡಸರು ಸೇರಿ, ಅದೇ ಕಪಿಲೆಯ ಮಿಣಿಯನ್ನು ಬಿಚ್ಚಿ ತಂದು, ಹೊಟ್ಟೆಯ ಕೆಳಗೆ ತೂರಿಸಿ, ಎರಡು ಗಳುಗಳಿಗೆ ಕಟ್ಟಿ ‘ಎತ್ತು, ಎತ್ತು’ ಎಂದು ಕೂಗುತ್ತ ಹೆಗಲು ಕೊಟ್ಟರು. ಎತ್ತು ನೆಲಬಿಟ್ಟಿತು, ಕಾಲು ಊರಲಿಲ್ಲ. ಮಿಣಿ ಹೊಟ್ಟೆಯೊಳಕ್ಕೆ ಇಳಿಯಿತು. ಉಸಿರು ಸಿಕ್ಕಿಕೊಂಡಂತೆ ಅದು ಒಮ್ಮೆ ಕೂಗಿದ್ದನ್ನು ಕೇಳಿ ಜನ ಗಾಬರಿಯಾಗಿ ಬಿಟ್ಟುಬಿಟ್ಟರು. ಆ ರಾತ್ರಿಯೇ ಅದು ತೀರಿಕೊಂಡಿತು. ಅಜ್ಜಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು: ‘ಬಿದ್ದ ದಿನವೇ ಎಬ್ಬಿಸಬೇಕಿತ್ತು ಕಣಪ್ಪ.’

ಭೌತಶಾಸ್ತ್ರವನ್ನು ಓದಿ, ಅದನ್ನೇ ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿ, ನಿವೃತ್ತನಾದ ಮೇಲೆ ನನಗೆ ತಿಳಿದದ್ದು ಇಷ್ಟು: ಅಜ್ಜಿಯ ಮಾತು ಅಕ್ಷರಶಃ ನಿಜ, ಆ ಎಂಟು ಜನರ ಶ್ರಮ, ಒಳ್ಳೆಯ ಮನಸ್ಸಿನದಾದರೂ, ಪೂರಾ ತಪ್ಪು.

ದನವನ್ನು ಕೆಡವಿದ ಕಾರಣ ಒಂದು, ಕೊಲ್ಲುವ ಕಾರಣ ಇನ್ನೊಂದು. ಮುನ್ನೂರು, ನಾನೂರು ಕಿಲೋ ತೂಕದ ದೇಹ ತನ್ನದೇ ಹಿಂಗಾಲನ್ನು ಅಡಿಗೆ ಹಾಕಿಕೊಂಡು ಗಂಟೆಗಟ್ಟಲೆ ಬಿದ್ದಿದ್ದರೆ, ಆ ಕಾಲಿನ ದಪ್ಪ ಸ್ನಾಯುಗಳಿಗೆ ರಕ್ತ ಹರಿಯದು. ತೊಡೆಯ ನರ ಜಜ್ಜಿ ಹೋಗುತ್ತದೆ. 1982ರಲ್ಲಿ ಅಮೆರಿಕದ ಮಿನ್ನೆಸೋಟದ ಪಶುವೈದ್ಯರು ಇದನ್ನು ಪ್ರಯೋಗದಿಂದ ತೋರಿಸಿ ಪ್ರಕಟಿಸಿದರು. ಯಾವ ರೋಗವೂ ಇಲ್ಲದ ಹಸುಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲು ದೇಹದಡಿಗೆ ಬರುವಂತೆ ಆರರಿಂದ ಹನ್ನೆರಡು ಗಂಟೆ ಮಲಗಿಸಿದರು. ಎಚ್ಚರವಾದ ಮೇಲೆ ಅವುಗಳಲ್ಲಿ ಅನೇಕವು ಏಳಲಾರದೆ ಹೋದವು. ಆರೋಗ್ಯವಂತ ಹಸುವಿಗೆ ಒಂದು ಹಗಲಿನ ಮಲಗುವಿಕೆ ಮಾಡಿದ್ದು ಇದಾದರೆ, ಬರಗಾಲದಲ್ಲಿ ಬಡಕಲಾದ ನಮ್ಮ ಎತ್ತಿನ ಮೂರು ದಿನಗಳನ್ನು ನೀವೇ ಲೆಕ್ಕ ಹಾಕಿ. ಪ್ರಯೋಗ ಕ್ರೂರವಾದುದು ಎನ್ನುವವರಿದ್ದಾರೆ, ನಾನೂ ಹಾಗೆನ್ನುವವನೇ. ಆದರೂ ಆ ಹಸುಗಳು ಕಲಿಸಿದ್ದನ್ನು ಮರೆಯುವುದು ಇನ್ನೂ ದೊಡ್ಡ ಕ್ರೌರ್ಯವಾದೀತು.

ಹಾಗಾಗಿ ಎತ್ತುವುದಕ್ಕೂ ಮುಂಚಿನ ಕೆಲಸ, ಹೊರಳಿಸುವುದು. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯಲ್ಲಿಯೂ. ಗಾರೆ ನೆಲದಿಂದ ತೆಗೆದು ಮರಳಿನ ಮೇಲೋ ದಪ್ಪನಾಗಿ ಹಾಸಿದ ಹುಲ್ಲಿನ ಮೇಲೋ ತರಬೇಕು. ಪೂರ್ತಿ ಒರಗಿ ಮಲಗಲು ಬಿಟ್ಟರೆ ಹೊಟ್ಟೆಯುಬ್ಬರ ಬರುತ್ತದೆ. ಆದ್ದರಿಂದ ಎರಡೂ ಪಕ್ಕಕ್ಕೆ ಹುಲ್ಲಿನ ಹೊರೆಗಳನ್ನು ಒತ್ತಾಗಿ ಕೊಟ್ಟು ಎದೆಯ ಮೇಲೆ ಕೂರಿಸಬೇಕು. ಇನ್ನೊಂದು ಸಣ್ಣ ವಿಷಯ. ದನವು ಏಳುವಾಗ ಮುಂಗಾಲ ಮಂಡಿಯೂರಿ, ತಲೆಯನ್ನು ಮುಂದಕ್ಕೆ ಚಾಚಿ, ಮೊದಲು ಹಿಂಭಾಗವನ್ನೇ ಎತ್ತುತ್ತದೆ. ಕುದುರೆ ಇದಕ್ಕೆ ತಿರುವುಮುರುವು. ಅದು ಮುಂಗಾಲನ್ನು ಮೊದಲು ಊರುತ್ತದೆ. ಹಸುವಿನ ತಲೆಯನ್ನು ಗೋಡೆಗೆ ಮಾಡಿ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕಿ ‘ಏಳುತ್ತಿಲ್ಲ’ ಎಂದು ಕೊರಗುವವರನ್ನು ನಾನು ಕಂಡಿದ್ದೇನೆ. ಮುಂದೆ ಜಾಗವೇ ಇಲ್ಲದಿದ್ದರೆ ಅದು ಎದ್ದೀತಾದರೂ ಹೇಗೆ?

ಕೆಡವಿದ ಕಾರಣವನ್ನು ಪಶುವೈದ್ಯರು ನೋಡಬೇಕು. ಇಂದಿನ ಸೀಮೆಹಸುಗಳಲ್ಲಿ ಕರುಹಾಕಿದ ಒಂದೆರಡು ದಿನಗಳಲ್ಲಿ ಬರುವ ‘ಹಾಲುಜ್ವರ’ ಎಂಬುದೊಂದಿದೆ. ಹೆಸರು ಜ್ವರ, ಮುಟ್ಟಿದರೆ ಕಿವಿ ತಣ್ಣಗೆ, ಮೈ ತಣ್ಣಗೆ! ರಕ್ತದ ಸುಣ್ಣದಂಶ ಕೆಚ್ಚಲ ಹಾಲಿಗೆ ಹರಿದುಹೋಗಿ ಸ್ನಾಯುಗಳು ಸೋಲುವುದೇ ಇದರ ಮರ್ಮ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಎಂಬ ಊರಿನ ಶ್ಮಿಟ್ ಎಂಬ ಪಶುವೈದ್ಯ ಕೆಚ್ಚಲೊಳಕ್ಕೆ ಒಂದು ಔಷಧದ್ರವವನ್ನು ಹಾಯಿಸಿ ಇದನ್ನು ವಾಸಿಮಾಡಿದ. ಆಮೇಲೆ ನೋಡಿದರೆ ದ್ರವವೂ ಬೇಕಿರಲಿಲ್ಲ, ಬರಿಯ ಗಾಳಿ ತುಂಬಿದರೂ ಸಾಕಾಗಿತ್ತು. ಕೆಚ್ಚಲು ಬಿಗಿದು ಹಾಲು ಇಳಿಯುವುದು ನಿಂತೊಡನೆ ಸುಣ್ಣ ರಕ್ತದಲ್ಲಿಯೇ ಉಳಿಯುತ್ತಿತ್ತು. ಆದರೆ ಇಂದು ಯಾರೂ ಸೈಕಲ್ ಪಂಪನ್ನು ಹಿಡಿದು ಕೊಟ್ಟಿಗೆಗೆ ಹೋಗಬೇಡಿ. ಕೆಚ್ಚಲು ಬಾವು ಖಂಡಿತ. ರಕ್ತನಾಳಕ್ಕೆ ನಿಧಾನವಾಗಿ ಕೊಡುವ ಕ್ಯಾಲ್ಸಿಯಂನಿಂದ ಹಸು ಕಣ್ಣೆದುರಿಗೇ ಎದ್ದು ನಿಲ್ಲುವುದುಂಟು. ಅವಸರದಲ್ಲಿ ಕೊಟ್ಟರೆ ಹೃದಯ ನಿಂತೇಹೋದೀತು. ಅದು ವೈದ್ಯರ ಕೈಯ ಕೆಲಸ. ಈಗ ನಮ್ಮ ರಾಜ್ಯದಲ್ಲಿ 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶುವೈದ್ಯರ ವಾಹನ ಬರುವ ಏರ್ಪಾಡಿದೆ. ನಾನು ಹುಟ್ಟಿದ ವರ್ಷವೂ ಅದೇ ಆದ್ದರಿಂದ ನನಗೆ ಮರೆಯುವ ಭಯವಿಲ್ಲ.

ಔಷಧ ಆಯಿತು, ಹೊರಳಿಸಿದ್ದೂ ಆಯಿತು, ಆದರೂ ಕಾಲಿನಲ್ಲಿ ಬಲ ಬಂದಿಲ್ಲ. ಆಗ ಎತ್ತಬೇಕು. ಐದು ವರ್ಷಗಳ ಹಿಂದೆ ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ನಾಲ್ಕನೆಯ ಕರು ಹಾಕಿದ ಹಸು ಹೀಗೆಯೇ ಕೂತುಬಿಟ್ಟಿತು. ಡಾಕ್ಟರು ಬಂದು ಕ್ಯಾಲ್ಸಿಯಂ ಕೊಟ್ಟು, ‘ಇನ್ನು ಎತ್ತಿ ನಿಲ್ಲಿಸಿ ಅಭ್ಯಾಸ ಮಾಡಿಸಬೇಕು’ ಎಂದು ಹೇಳಿ ಹೋದರು. ಅಕ್ಕ ಫೋನಿನಲ್ಲಿ, ‘ಬಾರೋ ತಮ್ಮ, ನಿಮ್ಮ ಭಾವ ಎಂಟು ಜನರನ್ನು ಕರೆಯಲು ಹೊರಟಿದ್ದಾರೆ’ ಎಂದಳು. ಎಂಟು ಜನ ಎಂಬ ಮಾತು ಕೇಳಿದ ಕೂಡಲೇ ನಾನು ಹೊರಟೆ.

ಹಗ್ಗದ ದೋಷವೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಹೇಳುತ್ತೇನೆ. ಹಸುವಿನ ತೂಕ ಮುನ್ನೂರು ಕಿಲೋ ಎನ್ನಿ. ಎರಡೂವರೆ ಸೆಂಟಿಮೀಟರ್ ಅಗಲದ ಹಗ್ಗ ಹೊಟ್ಟೆಯ ಅಡಿಯಲ್ಲಿ ಅರವತ್ತು ಸೆಂಟಿಮೀಟರ್ ಉದ್ದಕ್ಕೆ ತಾಗಿದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಎರಡು ಕಿಲೋ. ಅದೇ ಭಾರವನ್ನು ಒಟ್ಟು ಐವತ್ತು ಸೆಂಟಿಮೀಟರ್ ಅಗಲದ ಪಟ್ಟಿಗಳು ಹೊತ್ತರೆ ನೂರು ಗ್ರಾಂ ಮಾತ್ರ. ಇಪ್ಪತ್ತು ಪಟ್ಟು ಕಡಿಮೆ! ನಾಲ್ಕು ಗೋಣಿಚೀಲಗಳನ್ನು ಬಿಚ್ಚಿ, ಎರಡೆರಡನ್ನು ಒಂದರ ಮೇಲೊಂದಿಟ್ಟು, ದಬ್ಬಳದಿಂದ ಹೊಲಿದು, ಅಂಚಿಗೆ ಹಗ್ಗ ಸೇರಿಸಿ ಎರಡು ಪಟ್ಟಿಗಳನ್ನು ಮಾಡಿದೆವು. ಒಳಮೈಗೆ ಅಕ್ಕನ ಹಳೆಯ ಕೌದಿಯ ತುಂಡು. ಒಂದು ಪಟ್ಟಿ ಮುಂಗಾಲುಗಳ ಹಿಂದೆ ಎದೆಗೂಡಿನ ಕೆಳಗೆ. ಇನ್ನೊಂದು ಕೆಚ್ಚಲಿಗೆ ತಾಗದಂತೆ ಅದರ ಮುಂದೆ. ಹೋರಿಯೋ ಎತ್ತೋ ಆದರೆ ಉಚ್ಚೆ ಹೊಯ್ಯುವ ಜಾಗದ ಮೇಲೆ ಪಟ್ಟಿ ಬರಕೂಡದು. ಪಟ್ಟಿಗಳು ಜಾರದಂತೆ ಎದೆಯ ಮುಂದೆ ಒಂದು, ಪೃಷ್ಠದ ಹಿಂದೆ ಒಂದು ಅಗಲವಾದ ದಾರವನ್ನು ಸಡಿಲವಾಗಿ ಕಟ್ಟಬೇಕು.

ಪಟ್ಟಿಯ ಎರಡು ತುದಿಗಳನ್ನೂ ಬೆನ್ನಿನ ಮೇಲೆ ಒಂದೇ ಕಡೆಗೆ ಎಳೆದು ಕಟ್ಟಿದರೆ ಪಕ್ಕೆಲುಬುಗಳು ಹಿಂಡಿದಂತಾಗುತ್ತವೆ. ಅದಕ್ಕೆ ಮೇಲೊಂದು ಅಡ್ಡಗೋಲು ಬೇಕು. ಅಟ್ಟದ ಮೇಲೆ ಭಾವನ ತಂದೆಯ ಕಾಲದ ನೊಗವೊಂದು ಧೂಳು ಹಿಡಿದು ಬಿದ್ದಿತ್ತು. ಅದನ್ನು ಹಸುವಿನ ಬೆನ್ನಿಗೆ ಸಮನಾಗಿ, ಮೇಲಿನಿಂದ ತೂಗುಬಿಟ್ಟು, ಅದರ ಎರಡು ತುದಿಗಳಿಗೆ ಗಟ್ಟಿಯಾದ ಎರಡು ತುಂಡು ಕೋಲುಗಳನ್ನು ಅಡ್ಡಕ್ಕೆ ಬಿಗಿದೆವು. ನಾಲ್ಕು ಮೂಲೆಗಳಿಂದ ನಾಲ್ಕು ಹಗ್ಗಗಳು ನೇರವಾಗಿ ಇಳಿದು ಪಟ್ಟಿಗಳನ್ನು ಹಿಡಿದುಕೊಂಡವು. ದನವು ನೊಗವನ್ನು ಹೊರುವ ಬದಲು ನೊಗವೇ ದನವನ್ನು ಹೊರುವುದನ್ನು ನೋಡಿ ಭಾವನಿಗೆ ನಗು ಬಂತು. ನನಗೆ ನಗು ಬರಲಿಲ್ಲ.

ಇನ್ನು ಎತ್ತುವ ಬಲ. ಮೇಲೊಂದು ಗಡಗಡೆಯನ್ನು ಕಟ್ಟಿಬಿಟ್ಟರೆ ಭಾರ ಅರ್ಧವಾಗುತ್ತದೆಂದು ಓದಿದವರೂ ನಂಬಿದ್ದಾರೆ. ಹಾಗಿಲ್ಲ. ಮೇಲೆ ಸ್ಥಿರವಾಗಿ ನಿಂತ ಒಂದು ಗಡಗಡೆ ಎಳೆಯುವ ದಿಕ್ಕನ್ನು ಬದಲಿಸುತ್ತದೆ, ಭಾರವನ್ನಲ್ಲ. ಮೇಲೆರಡು, ಭಾರದ ಜೊತೆಗೇ ಏರುವಂತೆ ಕೆಳಗೆರಡು ಇದ್ದು ಹಗ್ಗ ನಾಲ್ಕೆಳೆಯಾದಾಗ ಮುನ್ನೂರು ಕಿಲೋ ಎಪ್ಪತ್ತೈದಾಗುತ್ತದೆ. ಉಜ್ಜುವಿಕೆಯಿಂದ ಅದಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಅದಕ್ಕೆ ತೆರುವ ಬೆಲೆ, ಒಂದು ಅಡಿ ಎತ್ತಲು ನಾಲ್ಕು ಅಡಿ ಎಳೆಯಬೇಕು. ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವ ಅಂಗಡಿಯಲ್ಲ.

ಆದರೆ ಅಷ್ಟು ಗಡಗಡೆಗಳನ್ನು ಆ ಸಂಜೆ ಎಲ್ಲಿಂದ ತರುವುದು? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿರಿಯೂರಿನಲ್ಲಿ ಕೊಳವೆಬಾವಿಗಳ ಮೋಟಾರು ಎತ್ತುವ ಕೆಲಸ ಮಾಡುತ್ತಾನೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಪಿಲೆ ಹೋಯಿತು, ಪಂಪು ಬಂತು, ಬಾವಿ ಬತ್ತಿತು, ಕೊಳವೆಬಾವಿ ಬಂತು. ನೂರಾರು ಅಡಿ ಆಳದಲ್ಲಿ ಕೆಟ್ಟು ಕೂತ ಮೋಟಾರನ್ನು ಮೇಲಕ್ಕೆ ತರಲು ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು, ಚೈನ್ ಬ್ಲಾಕು ಬಂದವು. ಈಗ ಅನೇಕರು ಅದಕ್ಕೂ ಗಾಡಿಯ ಮೇಲಿನ ಯಂತ್ರವನ್ನೇ ಇಟ್ಟುಕೊಂಡಿದ್ದಾರೆ; ಹಳೆಯ ಸ್ಟ್ಯಾಂಡು ಮೂಲೆ ಸೇರಿದೆ. ಹುಡುಗನಿಗೆ ಫೋನು ಮಾಡಿ, ಹಸುವನ್ನು ತಡೆಯುತ್ತದೆಯೆ ಎಂದು ಕೇಳಿದೆ. ‘ಏನ್ ಸಾರ್, ನಾನೂರು ಅಡಿ ಪೈಪು, ಮೋಟ್ರು ಎಲ್ಲಾ ಎತ್ತಿದೀನಿ, ನಿಮ್ಮ ಹಸ ಯಾವ ಲೆಕ್ಕ?’ ಎಂದ. ರಾತ್ರಿಯೇ ಲಗೇಜ್ ಆಟೋದಲ್ಲಿ ತಂದಿಳಿಸಿದ. ಚೈನ್ ಬ್ಲಾಕಿನ ದೊಡ್ಡ ಗುಣ ಅದರ ಬಲವಲ್ಲ, ತಾಳ್ಮೆ. ಕೈಬಿಟ್ಟರೂ ಅದು ಇದ್ದಲ್ಲಿಯೇ ನಿಲ್ಲುತ್ತದೆ, ಹಿಂದಕ್ಕೆ ಓಡುವುದಿಲ್ಲ. ಒಬ್ಬನೇ ಮನುಷ್ಯ ಅಂಗುಲ ಅಂಗುಲವಾಗಿ ಏರಿಸಬಹುದು, ಇಳಿಸಬಹುದು. ಕಬ್ಬಿಣದ ಸ್ಟ್ಯಾಂಡು ಸಿಗದವರು ಹತ್ತಡಿಯ ಮೂರು ನೀಲಗಿರಿ ತೊಲೆಗಳನ್ನು ತಲೆಯಲ್ಲಿ ಬಿಗಿದು, ಕಾಲುಗಳು ಹೊರಕ್ಕೆ ಜಾರದಂತೆ ಸುತ್ತಲೂ ಹಗ್ಗ ಕಟ್ಟಿ, ಅರ್ಧ ಅಡಿ ಗುಂಡಿಯಲ್ಲಿ ಊರಿದರೆ ಆದೀತು. ಹಸುವನ್ನು ಕಟ್ಟುವ ಮೊದಲು ಐದಾರು ಜನ ಒಟ್ಟಿಗೆ ಅದಕ್ಕೆ ಜೋತುಬಿದ್ದು ನೋಡಲೇಬೇಕು.

ಮರುದಿನ ಬೆಳಗ್ಗೆ ಎತ್ತಿದೆವು. ನೆಲಕ್ಕೆ ಮಣ್ಣು, ಅದರ ಮೇಲೆ ರಾಗಿಹುಲ್ಲು. ಹಿಂಗಾಲುಗಳು ಎರಡು ಕಡೆಗೆ ಸೀಳಿಹೋಗದಂತೆ ಅವುಗಳ ನಡುವೆ ಗೇಣೆರಡು ಅಂತರ ಬಿಟ್ಟು ಮೆತ್ತಗಿನ ಬಟ್ಟೆಯ ಕಟ್ಟು. ಗೊರಸುಗಳು ಸರಿಯಾಗಿ ನೆಲಕ್ಕೆ ಊರುವಷ್ಟು ಎತ್ತರಕ್ಕೆ ನಿಲ್ಲಿಸಿದೆವು. ತಪ್ಪಾಗುವುದು ಇಲ್ಲಿಯೇ. ಹಸುವನ್ನು ತೂಗುಹಾಕುವುದು ನಮ್ಮ ಉದ್ದೇಶವಲ್ಲ. ಅದು ನಿಲ್ಲಲು ಪ್ರಯತ್ನಿಸುವಾಗ ಬೀಳದಂತೆ ನೋಡಿಕೊಳ್ಳುವುದು. ಸೊಂಟದ ಮೂಳೆಗಳನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಯೊಂದನ್ನು ಪರದೇಶಗಳಲ್ಲಿ ಬಳಸುತ್ತಾರೆ, ನಮ್ಮಲ್ಲಿಯೂ ಕೆಲವೆಡೆ ಬಂದಿದೆ. ತಿಳಿದವರ ಕೈಯಲ್ಲಿ ಅದು ಕ್ಷಣಕಾಲದ ಸಹಾಯ, ತಿಳಿಯದವರ ಕೈಯಲ್ಲಿ ಹಿಂಸೆ. ಹಗ್ಗದಲ್ಲಿ ಜೋತುಬಿದ್ದ ಹಸುವನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಕೂಡದು. ಮೊದಲ ಸಲ ನಮ್ಮ ಹಸು ಕಾಲು ಮಡಿಸಿಕೊಂಡೇ ಇತ್ತು. ಐದು ನಿಮಿಷ ನೋಡಿ ಇಳಿಸಿ, ಮಗ್ಗುಲು ಬದಲಿಸಿ ಕೂರಿಸಿದೆವು. ಮಧ್ಯಾಹ್ನ ಒಂದು ಕಾಲು ಊರಿತು. ತೊಡೆಗಳನ್ನು ಗೋಣಿತಟ್ಟಿನಿಂದ ತಿಕ್ಕುತ್ತ ಅಕ್ಕ ಅದರೊಡನೆ ಏನೇನೋ ಮಾತಾಡುತ್ತಿದ್ದಳು. ಸಂಜೆ ಕರುವನ್ನು ತಂದು ಎದುರಿಗೆ ನಿಲ್ಲಿಸಿದಾಗ ಎರಡು ಕಾಲೂ ನಡುಗುತ್ತ ಊರಿದವು. ಹೀಗೆ ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಹತ್ತು ಹದಿನೈದು ನಿಮಿಷ. ನಾಲ್ಕನೆಯ ದಿನ ನಾನು ಪಟ್ಟಿಗಳ ಹಗ್ಗವನ್ನು ಸಡಿಲಿಸಿ ನೋಡಿದೆ. ಹಸು ತನ್ನ ಕಾಲ ಮೇಲೆಯೇ ನಿಂತಿತ್ತು. ನಮ್ಮ ಕರಿಯೆತ್ತು ತೀರಿಕೊಂಡದ್ದೂ ನಾಲ್ಕನೆಯ ದಿನವೇ ಎಂದು ಅಕ್ಕ ನೆನಪಿಸಿದಳು. ಅವಳಿಗೆ ಆಗ ಹದಿನಾಲ್ಕು ವರ್ಷ; ನನಗಿಂತ ಚೆನ್ನಾಗಿ ಅವಳಿಗೆ ಎಲ್ಲ ನೆನಪಿದೆ.

ಎಲ್ಲ ಹಸುಗಳೂ ಹೀಗೆ ಏಳುವುದಿಲ್ಲ. ತೊಡೆಯ ಮೂಳೆ ಮುರಿದಿದ್ದರೆ, ಕೀಲು ತಪ್ಪಿದ್ದರೆ ಎತ್ತುವುದೇ ಅಪಾಯ. ತಲೆ ಎತ್ತದೆ, ಮೇವು ಮುಟ್ಟದೆ, ಕಾಲು ಊರುವ ಯತ್ನವನ್ನೂ ಮಾಡದೆ ದಿನಗಳು ಕಳೆದರೆ ಡಾಕ್ಟರ ಮಾತಿಗೆ ಕಿವಿಗೊಡಬೇಕಾಗುತ್ತದೆ.

ಪಟ್ಟಣದ ಶ್ರೋತೃಗಳು ‘ನಮಗೆಲ್ಲಿಯ ಹಸು?’ ಎಂದುಕೊಳ್ಳುತ್ತಿರಬಹುದು. ನಿಮ್ಮ ಮನೆಯಲ್ಲಿ ಮುದಿ ನಾಯಿಯಿದ್ದರೆ ಇದೇ ವಿದ್ಯೆ ಬೇಕಾಗುತ್ತದೆ. ಚಿತ್ರದುರ್ಗದಲ್ಲಿ ಕೋಟೆಯ ಬುಡದ ಹಳೆಯ ಬೀದಿಯೊಂದರಲ್ಲಿ ನಮ್ಮ ಮನೆ. ಬೀದಿಯಿಂದ ಜಗಲಿಗೆ ಹನ್ನೊಂದು ಕಲ್ಲುಮೆಟ್ಟಿಲು. ಬೀದಿಯಿಂದಲೇ ಬಂದು ಮನೆಯವನಾದ ನಮ್ಮ ಕೆಂಚನಿಗೆ ಹದಿಮೂರನೆಯ ವಯಸ್ಸಿನಲ್ಲಿ ಹಿಂಗಾಲು ಸೋತವು. ಹಿಂಗಾಲುಗಳ ಮುಂದೆ ಹೊಟ್ಟೆಯಡಿಗೆ ಅಗಲವಾದ ಟವೆಲನ್ನು ಹಾಯಿಸಿ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ನಡೆಸಿದರೆ ಮುಂಗಾಲಿನಿಂದ ಅದು ಚೆನ್ನಾಗಿಯೇ ಓಡಾಡುತ್ತಿತ್ತು. ಮೆಟ್ಟಿಲು ಮಾತ್ರ ಆಗದು. ಹದಿನೆಂಟು ಕಿಲೋ ನಾಯಿಯನ್ನು ದಿನಕ್ಕೆ ಮೂರು ಸಲ ಎತ್ತಿ ಇಳಿಸಲು ನನ್ನ ಸೊಂಟವೂ ಒಪ್ಪದು.

ಏತವನ್ನು ನೆನೆಸಿಕೊಂಡೆ. ಏತದ ಹಿಂತುದಿಗೆ ಕಲ್ಲು ಕಟ್ಟುವುದರಿಂದಲೇ ನೀರು ಹಗುರವಾಗಿ ಮೇಲೆ ಬರುವುದು. ಜಗಲಿಯ ಮುಂದಿನ ತೊಲೆಗೆ ಎರಡು ಗಡಗಡೆಗಳನ್ನು ತೂಗುಹಾಕಿ, ಹಗ್ಗದ ಒಂದು ತುದಿಗೆ ಮೂರು ಕಡೆ ಮುಚ್ಚಿದ, ಒಂದು ಕಡೆ ಬಾಗಿಲಿರುವ ಮರದ ಪೆಟ್ಟಿಗೆ, ಇನ್ನೊಂದು ತುದಿಗೆ ಮರಳಿನ ಚೀಲ ಕಟ್ಟಿದೆ. ಪೆಟ್ಟಿಗೆ ಓಲಾಡದಂತೆ ಎರಡು ಬಿದಿರು ಗಳುಗಳನ್ನು ನಿಲ್ಲಿಸಿದೆ. ಪೆಟ್ಟಿಗೆ ಆರು ಕಿಲೋ, ನಾಯಿ ಹದಿನೆಂಟು, ಒಟ್ಟು ಇಪ್ಪತ್ತನಾಲ್ಕು, ಮರಳು ಇಪ್ಪತ್ತು. ನಾನು ಎಳೆಯಬೇಕಾದ್ದು ನಾಲ್ಕು ಕಿಲೋ ಮಾತ್ರ. ಇಟ್ಟಿಗೆಗಳನ್ನಿಟ್ಟು ಹತ್ತಾರು ಸಲ ಪರೀಕ್ಷಿಸಿದೆ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ನಾಲ್ಕು ದಿನ ಅದರಲ್ಲಿಯೇ ಅನ್ನ ಹಾಕಿ ಕೆಂಚನ ಅಂಜಿಕೆಯನ್ನೂ ಬಿಡಿಸಿದೆ. ಐದನೆಯ ದಿನ ಸವಾರಿ ಗಂಭೀರವಾಗಿ ಜಗಲಿಯಿಂದ ಬೀದಿಗಿಳಿಯಿತು. ಬಾಗಿಲು ತೆರೆದೆ. ಕೆಂಚ ಹೊರಕ್ಕೆ ಬಂದ. ಮರುಕ್ಷಣವೇ ಬರಿದಾದ ಪೆಟ್ಟಿಗೆ ಬಾಣದಂತೆ ಮೇಲಕ್ಕೆ ಹಾರಿ ತೊಲೆಗೆ ಬಡಿಯಿತು. ಇಪ್ಪತ್ತು ಕಿಲೋ ಮರಳು ಕೆಳಗೆ ಬಿದ್ದು ಚೀಲ ಒಡೆಯಿತು. ಆರು ಕಿಲೋ ಪೆಟ್ಟಿಗೆ ಇಪ್ಪತ್ತು ಕಿಲೋ ಮರಳಿನ ಎದುರು ಏನು ಮಾಡೀತೆಂಬುದನ್ನು ನಾನು ಲೆಕ್ಕ ಹಾಕಿರಲೇ ಇಲ್ಲ. ಇಟ್ಟಿಗೆಗಳಾದರೋ ಪೆಟ್ಟಿಗೆಯಿಂದ ತಾವಾಗಿ ಇಳಿದಿರಲಿಲ್ಲವಲ್ಲ! ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, ‘ಮೂವತ್ತೈದು ವರ್ಷ ಮಕ್ಕಳಿಗೆ ರಾಟೆಯ ಪಾಠ ಮಾಡಿದವರು ನೀವೇ ತಾನೆ?’ ಎಂದರು.

ಆಮೇಲೆ ಮೇಲೆ ಒಂದು, ಕೆಳಗೆ ಒಂದು ಕಬ್ಬಿಣದ ಕೊಂಡಿಯನ್ನು ಹಾಕಿಸಿದೆ. ಪೆಟ್ಟಿಗೆಯನ್ನು ಕೊಂಡಿಗೆ ಸಿಕ್ಕಿಸದೆ ಬಾಗಿಲು ತೆರೆಯುವಂತಿಲ್ಲ. ಹಗ್ಗವನ್ನು ಕೈಯಲ್ಲಿ ಹಿಡಿಯುವ ಮುನ್ನ ಒಂದು ಗೂಟಕ್ಕೆ ಎರಡು ಸುತ್ತು ಸುತ್ತಿಕೊಂಡರೆ ಜಾರಿದರೂ ಅದೇ ತಡೆಯುತ್ತದೆ. ಇಂಥದನ್ನು ಮಾಡಹೊರಟವರು ಮಿಕ್ಕದ್ದನ್ನು ಹೇಗೆ ಮಾಡಿದರೂ ಈ ಎರಡನ್ನು ಬಿಡಬಾರದು. ಕೆಂಚನಿಗೆ ಮತ್ತೆ ನಂಬಿಕೆ ಬರಲು ಒಂದು ವಾರ ಹಿಡಿಯಿತು. ಅನಂತರ ಹದಿನಾಲ್ಕು ತಿಂಗಳು ಅವನು ಅದರಲ್ಲಿ ಬೀದಿಗಿಳಿದು, ಟವೆಲಿನ ಆಸರೆಯಲ್ಲಿ ಮೂಲೆಯ ಬೇವಿನ ಮರದವರೆಗೆ ಹೋಗಿ, ತನ್ನ ಹಳೆಯ ಗೆಳೆಯರನ್ನು ನೋಡಿ ಬರುತ್ತಿದ್ದ. ಕೊನೆಯ ವಾರ ಪೆಟ್ಟಿಗೆಯ ಬಳಿಗೆ ಒಯ್ದರೂ ಮುಖ ತಿರುಗಿಸಿದ. ನಾನು ಬಲವಂತ ಮಾಡಲಿಲ್ಲ.

ಮೂರು ಕಾಲಿನ ಸ್ಟ್ಯಾಂಡನ್ನು ಹಿರಿಯೂರಿನ ಹುಡುಗ ಹಿಂದಕ್ಕೆ ಒಯ್ಯಲಿಲ್ಲ. ಅಕ್ಕನ ಕೊಟ್ಟಿಗೆಯಲ್ಲಿಯೇ ಇರಲಿ ಎಂದ. ನೊಗ, ಪಟ್ಟಿಗಳು ಅದರ ಪಕ್ಕದಲ್ಲಿ ತೂಗುತ್ತಿವೆ. ಸುತ್ತಲಿನ ಊರುಗಳಿಂದ ಆಗಾಗ ಯಾರಾದರೂ ಬಂದು ಕೇಳಿ ಒಯ್ಯುತ್ತಾರೆ. ಕೊಡುವ ಮೊದಲು ಅಕ್ಕ ಕೇಳುವುದು ಒಂದೇ ಪ್ರಶ್ನೆ: ‘ಯಾವಾಗ ಬಿತ್ತಪ್ಪ?’

‘ಇವತ್ತು ಬೆಳಗ್ಗೆ’ ಎಂದರೆ ಭಾವ ಆಗಲೇ ಆಟೋದವನಿಗೆ ಫೋನು ಮಾಡುತ್ತಿರುತ್ತಾರೆ.